ಬಿಸಿ ತಾಗದ ನಟ್ಟುಗಳು

“ಟಾರ್ಚು ನನ್ನ ಮುಖಕ್ಕಲ್ಲ ನಯನಾ, ಟರ್ಬೊಗೆ ಹಿಡಿ.”

ಸಬ್ ಇನ್‌ಸ್ಪೆಕ್ಟರ್ ನಯನಾ ನಗುತ್ತ ಬೆಳಕನ್ನು ಕೆಳಗಿಳಿಸಿದಳು. ರಾಮನಗರದಲ್ಲಿ ನಮ್ಮಿಬ್ಬರದು ಒಂದೇ ಬೀದಿ. ಲಂಗ ತೊಟ್ಟು ಓಡಾಡುತ್ತಿದ್ದ ಕಾಲದಿಂದ ನನ್ನನ್ನು ರಾಧಕ್ಕ ಎಂದೇ ಕರೆದವಳು. ಈಗ ಸೊಂಟಕ್ಕೆ ಪಿಸ್ತೂಲು ಬಂದಿದೆ, ಆದರೂ ಅಕ್ಕ ಎನ್ನುವುದನ್ನು ಬಿಟ್ಟಿಲ್ಲ.

ಹೊರಗೆ ಮಧ್ಯಾಹ್ನದ ಬಿಸಿಲು, ಸುಟ್ಟ ಬಸ್ಸಿನ ಒಳಗೆ ಕತ್ತಲೆ. ಡ್ರೈವರ್ ಸೀಟಿನ ಪಕ್ಕದ ಬಾನೆಟ್ ತೆಗೆಸಿ ಎಂಜಿನ್ ಮುಂದೆ ಮಂಡಿಯೂರಿ ಕೂತಿದ್ದೆ. ಆ ಸೀಟಿನಲ್ಲಿ ಉಳಿದಿದ್ದು ಸ್ಪ್ರಿಂಗುಗಳು ಮಾತ್ರ. ಆ ಕಡೆ ನೋಡಬಾರದು ಎಂದುಕೊಂಡೇ ಬಂದಿದ್ದೆ, ಆದರೂ ನೋಡಿದೆ.

ಅದು ಮರಿಯಪ್ಪನ ಸೀಟು. ಎರಡು ವಾರದ ಹಿಂದೆ, ಕನಕಪುರದಿಂದ ಮದುವೆ ಜನರನ್ನು ಕರೆತರುತ್ತಿದ್ದ ಈ ಬಸ್ಸು ಅಕ್ಕೂರಿನ ಆಚೆಯ ಏರಿನಲ್ಲಿ ಹೊತ್ತಿಕೊಂಡಾಗ, ಎಲ್ಲರನ್ನೂ ಇಳಿಸಿದ ಅವನು ತಾನು ಇಳಿಯಲಿಲ್ಲ. ಟರ್ಬೊದ ನಟ್ಟುಗಳನ್ನು ಸರಿಯಾಗಿ ಬಿಗಿ ಮಾಡದೆ ಬಿಟ್ಟ ಎಂಬ ಆರೋಪದ ಮೇಲೆ ರಾಮನಗರದ ಮೆಕ್ಯಾನಿಕ್ ವಾಸಿಂ ಜೈಲಿನಲ್ಲಿದ್ದ.

ನಾಳೆ ಅವನ ಜಾಮೀನಿನ ಅರ್ಜಿ. ವಿಮಾ ಸರ್ವೇಯರ್ ರಾಧಾಮಣಿಯ ವರದಿ, ಅಂದರೆ ನನ್ನದು, ಇವತ್ತು ಸಂಜೆಯೊಳಗೆ ನಯನಾಳ ಕೈ ಸೇರಬೇಕು. ನಟ್ಟು ತಾನಾಗಿ ಸಡಿಲವಾಯಿತು ಎಂದು ಬರೆದರೆ ವಾಸಿಂನ ಕಥೆ ಮುಗಿದ ಹಾಗೆ. ಗ್ಯಾರೇಜು ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಬ್ಬನ ಸಾವಿಗೆ ಇವನೇ ಕಾರಣ ಎನ್ನುವ ಮಾತು ಅವನ ಹೆಸರಿಗೆ ಅಂಟಿಕೊಂಡು ಸಾಯುವತನಕ ಬರುತ್ತದೆ.

“ಏನಾದ್ರೂ ಕಾಣಿಸ್ತಾ ಅಕ್ಕ? ನಮ್ಮ ಟೆಕ್ನಿಷಿಯನ್ ಆಗಲೇ ನೋಡಿ ಬರೆದುಕೊಟ್ಟಿದಾನೆ.”

“ಬರೆದುಕೊಡೋಕೆ ಏನಂತೆ. ನೋಡೋಕೆ ಒಸಿ ಹೊತ್ತು ಬೇಕು.”

ಟರ್ಬೊ ಎಂದರೆ ಬಸವನಹುಳುವಿನ ಚಿಪ್ಪಿನಂಥ ಒಂದು ಕಬ್ಬಿಣದ ಗಡ್ಡೆ. ಎಂಜಿನ್ ಉಗುಳುವ ಬಿಸಿ ಹೊಗೆ ಅದರೊಳಗಿನ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಎಂಜಿನ್ನಿಗೆ ಗಾಳಿ ತುಂಬುತ್ತದೆ. ಜನ ತುಂಬಿದ ಬಸ್ಸು ಏರು ಹತ್ತುವಾಗ ಅದು ಕೆಂಪಗೆ ಕಾಯುವುದೂ ಉಂಟು. ಅದನ್ನು ಎಂಜಿನ್ನಿಗೆ ಹಿಡಿದಿಡುವುದು ನಾಲ್ಕು ನಟ್ಟು.

ಕಬ್ಬಿಣ ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ದಿನಾ ಇದೇ ಆಗುತ್ತಿದ್ದರೆ ಮಾಮೂಲಿ ನಟ್ಟು ಮೆಲ್ಲಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ನಟ್ಟಿನ ತಿರುಪಿಗೆ ಹಚ್ಚುವ ಗೋಂದು ಆ ಕಾವಿಗೆ ಸುಟ್ಟುಹೋಗುತ್ತದೆ, ಪ್ಲಾಸ್ಟಿಕ್ ಉಂಗುರದ ನಟ್ಟು ಹಾಕಿದರೆ ಉಂಗುರ ಕರಗುತ್ತದೆ. ಅದಕ್ಕೇ ಬಲ್ಲವರು ನಟ್ಟಿನ ಅಡಿಗೆ ಲಾಕ್ ಪ್ಲೇಟ್ ಇಡುತ್ತಾರೆ. ತಗಡಿನ ಪಟ್ಟಿ, ಅದರ ಅಂಚಿಗೆ ಕಿವಿಯಂಥ ತುದಿ. ನಟ್ಟು ಬಿಗಿದ ಮೇಲೆ ಆ ಕಿವಿಯನ್ನು ಮೇಲೆ ಮಡಚಿ ನಟ್ಟಿನ ಪಕ್ಕೆಗೆ ಒತ್ತಿಬಿಟ್ಟರೆ, ಆಮೇಲೆ ನಟ್ಟು ತಿರುಗುವ ಮಾತಿಲ್ಲ.

ವಾಸಿಂ ಇಷ್ಟಕ್ಕೇ ಬಿಡುವವನಲ್ಲ. ಕಿವಿ ಮಡಚಿದ ಮೇಲೆ ನಟ್ಟಿನಿಂದ ತಗಡಿನವರೆಗೆ ಒಂದು ಕೆಂಪು ಗೆರೆ ಎಳೆಯುತ್ತಾನೆ, ಸೈಲೆನ್ಸರಿಗೆ ಬಳಿಯುವ ಬಿಸಿ ತಡೆಯುವ ಬಣ್ಣದಲ್ಲಿ. ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಸುತ್ತಲಿನ ನಾಲ್ಕೂ ತಾಲ್ಲೂಕಿನ ಬಸ್ಸಿನವರಿಗೆ ಆ ಗೆರೆ ಗೊತ್ತು.

ಪೊಲೀಸರ ವಾದವೂ ಆ ಗೆರೆಯ ಮೇಲೇ ನಿಂತಿತ್ತು. ನಾಲ್ಕು ನಟ್ಟಿನಲ್ಲಿ ಒಂದು, ಕೈಗೆ ಎಟುಕದ ಒಳಮೂಲೆಯದು, ಜಾಗದಲ್ಲೇ ಇತ್ತು. ಉಳಿದ ಮೂರು ಇರಲಿಲ್ಲ. ಅವು ಆಮೇಲೆ ರಸ್ತೆ ಪಕ್ಕದ ಬೇಲಿಯ ಬುಡದಲ್ಲಿ ಸಿಕ್ಕಿದವು, ಮೂರಕ್ಕೂ ಕೆಂಪು ಬಣ್ಣ. ವಾಸಿಂ ಹಾಕಿದ ನಟ್ಟೇ ಬಿದ್ದು, ಟರ್ಬೊ ಬಾಯಿ ಬಿಟ್ಟು, ಬಿಸಿ ಹೊಗೆ ಆಯಿಲ್ ಪೈಪಿಗೆ ತಗುಲಿ ಬೆಂಕಿ ಹತ್ತಿತು. ಕೇಳಲು ಚೆನ್ನಾಗಿಯೇ ಇದೆ.

“ಇಲ್ಲಿ ನೋಡು,” ಅಂದೆ.

ಲಾಕ್ ಪ್ಲೇಟು ಪೂರ್ತಿ ಮಸಿಯಾಗಿತ್ತು. ಆದರೆ ನಟ್ಟು ಕೂರುವ ಜಾಗದಲ್ಲಿ ಮಾತ್ರ ತಗಡಿನ ಮೈ ತಿಳಿಯಾಗಿತ್ತು. ಆರು ಮೂಲೆಯ ಒಂದು ಗುರುತು. ಒಂದಲ್ಲ, ಮೂರು ಕಡೆಯೂ.

ನಯನಾ ತಲೆ ಒಳಗೆ ತೂರಿಸಿದಳು. “ಗೋಡೆ ಮೇಲಿಂದ ಹಳೇ ಫೋಟೊ ತೆಗೆದರೆ ಹಿಂದೆ ಬೆಳ್ಳಗಿರುತ್ತಲ್ಲ, ಹಾಗಿದೆ.”

“ಹಾಗೇ. ಬೆಂಕಿ ಉರಿಯೋವಾಗ ಇಲ್ಲಿ ನಟ್ಟು ಕೂತಿತ್ತು. ಇಲ್ಲದೆ ಹೋಗಿದ್ರೆ ಇಲ್ಲೂ ಮಸಿ ಹಿಡೀತಿತ್ತು. ಈಗ ಕಿವಿ ನೋಡು.”

ಮೇಲೆ ಮಡಚಿದ್ದ ಕಿವಿಗಳನ್ನು ಯಾರೋ ಚಪ್ಪಟೆ ಮಾಡಿದ್ದರು. ಮಡಿಕೆಯ ಜಾಗದಲ್ಲಿ ಮಸಿ ಬಿರಿದು ಒಳಗಿನ ತಗಡು ಹೊಳೆಯುತ್ತಿತ್ತು. ಮಸಿ ಹಿಡಿದ ಮೇಲೆ ಬಿಚ್ಚಿದ ಕಿವಿ ಅದು.

“ಅಂದ್ರೆ ಬೆಂಕಿ ಆರಿದ ಮೇಲೆ ಯಾರೋ ಬಂದು ನಟ್ಟು ತೆಗೆದಿದಾರೆ.”

“ಬೆಂಕಿಗೂ ಅದು ಅಲ್ಲಾಡಲಿಲ್ಲ ನಯನಾ. ಅಲ್ಲಾಡಿಸೋಕೆ ಮನುಷ್ಯನೇ ಬರಬೇಕಾಯ್ತು.”

ನನಗೆ ಆಗಲೇ ಸಿಟ್ಟು ಬಂದಿತ್ತು. ಠಾಣೆಯಲ್ಲಿ ಮೊದಲ ಸಲ ವಾಸಿಂನನ್ನು ನೋಡಿದ್ದು ನೆನಪಾಯಿತು. ಗೋಡೆಗೆ ಒರಗಿ ಕೂತಿದ್ದ. ಬಲಗೈಗೆ ಬಟ್ಟೆ ಸುತ್ತಿತ್ತು, ಎಡಗೈಯಲ್ಲಿ ಟೀ ಲೋಟ. ಕೈಗೆ ಏನಾಯಿತು ಎಂದಾಗ ಸೈಲೆನ್ಸರ್ ತಗುಲಿತು ಅಂದ. ನಟ್ಟಿನ ಬಗ್ಗೆ ಕೇಳಿದಾಗ ತಲೆ ತಗ್ಗಿಸಿದ. ನಾನು ಬಿಗಿ ಮಾಡಿದ್ದೆ ಎಂದು ಒಂದೇ ಒಂದು ಸಲ ಜೋರಾಗಿ ಹೇಳಿದ್ದರೆ ನನಗೂ ಧೈರ್ಯ ಬರುತ್ತಿತ್ತು. ಬಾಯಿ ಬಿಡದವನನ್ನು ಉಳಿಸುವುದು ಎಷ್ಟು ಕಷ್ಟ ಎನ್ನುವುದು ಅಂಥವರಿಗೆ ತಿಳಿಯುವುದಿಲ್ಲ.

“ಬೇಲಿ ಬುಡದಲ್ಲಿ ಸಿಕ್ಕಿದ ನಟ್ಟು ಕೊಡು.”

ನಯನಾ ಕವರು ಬಿಚ್ಚಿ ಒಂದನ್ನು ನನ್ನ ಅಂಗೈಗೆ ಹಾಕಿದಳು. ಅದನ್ನು ಬಿಸಿಲಿಗೆ ಹಿಡಿದೆ. ಕೆಂಪು ಬಣ್ಣ ಥಳಥಳ ಹೊಳೆಯುತ್ತಿತ್ತು. ಒಳಮೂಲೆಯಲ್ಲಿ ಉಳಿದಿದ್ದ ನಟ್ಟಿನ ಗೆರೆಯಾದರೋ ಬೆಂದು ಇಟ್ಟಿಗೆಪುಡಿಯ ಬಣ್ಣಕ್ಕೆ ತಿರುಗಿತ್ತು, ಅದರ ಕಬ್ಬಿಣ ನೀಲಿಗಟ್ಟಿತ್ತು. ಈ ನಟ್ಟಿಗೆ ನೀಲಿಯೂ ಇಲ್ಲ, ಮಸಿಯೂ ಇಲ್ಲ. ಸಾಲದ್ದಕ್ಕೆ ಯಾರೋ ಬಣ್ಣವನ್ನು ಉಜ್ಜಿ ಉಜ್ಜಿ ಹೊಳಪು ಕೊಟ್ಟಿದ್ದರು.

ಉಗುರಿನಿಂದ ಗೀರಿದೆ. ಪೇಂಟಿನ ಹಾಗೆ ಸುಲಿಯಲಿಲ್ಲ, ಚಿಕ್ಕ ಚೂರಾಗಿ ಎದ್ದಿತು. ಮೂಗಿಗೆ ಹಿಡಿದು ನೋಡಿದೆ. ಈ ಸೀಮೆಯಲ್ಲಿ ಬೆಳೆದವರಿಗೆ ಆ ಹೊಳಪು ಹೊಸದಲ್ಲ. ತೊಟ್ಟಿಲಲ್ಲಿದ್ದಾಗಲೇ ಅಂಥ ಗಿಲಕಿಯನ್ನು ಬಾಯಿಗೆ ಹಾಕಿಕೊಂಡವರು ನಾವು.

“ಇದನ್ನ ಮೊದಲು ನೋಡಿದ್ದು ಯಾರು?”

“ನಮ್ಮ ಕಾನ್‌ಸ್ಟೇಬಲ್. ಇಲ್ಲ, ತಡಿ. ತೋರಿಸಿದ್ದು ಬಸ್ಸಿನ ಮ್ಯಾನೇಜರ್ ಯೋಗಾನಂದ.”

“ಅವನ ಮನೆ?”

“ಚನ್ನಪಟ್ಟಣ. ಬೊಂಬೆ ಕೆಲಸದವರ ಮನೆ. ಅವರಮ್ಮ ಮುನಿರತ್ನಮ್ಮ ಈಗಲೂ ಕೆಲಸ ಮಾಡ್ತಾರೆ.” ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು. ನಂತರ ಜೀಪಿನ ಬೀಗದ ಕೈ ತೆಗೆದಳು.

*

ಚನ್ನಪಟ್ಟಣದ ಬಸ್ ಶೆಡ್ಡು ಖಾಲಿಯಿತ್ತು. ಮಾಲೀಕ ಕೆಂಪರಾಜು ಮಾಗಡಿಯಲ್ಲಿದ್ದರು, ಡ್ರೈವರುಗಳೆಲ್ಲ ರೂಟಿಗೆ ಹೋಗಿದ್ದರು. ಆಫೀಸ್ ಕೋಣೆಯಲ್ಲಿ ಯೋಗಾನಂದ ಒಬ್ಬನೇ. ಮೂವತ್ತೈದರ ಆಸುಪಾಸು, ಇಸ್ತ್ರಿ ಅಂಗಿ, ಎರಡು ವಾರದಿಂದ ನಿದ್ದೆ ಕಾಣದ ಮುಖ.

“ಬನ್ನಿ ಮೇಡಂ, ಕುಂತ್ಕಳಿ. ಟೀ ಕಾಯ್ಸ್ತೀನಿ.”

ನಯನಾ ಬಾಗಿಲಿಗೆ ಒರಗಿ ನಿಂತಳು. ನಾನು ಒಲೆಯ ಹತ್ತಿರದ ಕುರ್ಚಿಯಲ್ಲಿ ಕೂತೆ. ಟೀ ಬೇಡ ಎನ್ನುವ ಅಭ್ಯಾಸ ನನಗಿಲ್ಲ. ಯಾರನ್ನು ಹಿಡಿಯಲು ಹೋದರೂ ಮೊದಲು ಟೀ ಕುಡಿಯುತ್ತೇನೆ, ಅವರಿಗೂ ಒಂದಷ್ಟು ಉಸಿರಾಡಲು ಸಮಯ ಸಿಗುತ್ತದೆ.

ಅವನು ಟೀ ಸೋಸಿ ಲೋಟಕ್ಕೆ ಬಗ್ಗಿಸಿದ. ಒಲೆ ಆರಿಸಲು ಕೈ ಹಾಕಿದಾಗ, ಇರಲಿ ಎಂದೆ. ಒಂದು ಚಮಚ ಕೇಳಿ ತೆಗೆದುಕೊಂಡೆ. ಚೀಲದಿಂದ ನಟ್ಟು ತೆಗೆದು, ರಾಗಿಕಾಳಿನಷ್ಟು ಕೆಂಪನ್ನು ಗೀರಿ ಚಮಚಕ್ಕೆ ಹಾಕಿ ಉರಿಯ ಮೇಲೆ ಹಿಡಿದೆ. ಅದು ಎರಡು ಮಾತಾಡುವಷ್ಟರಲ್ಲಿ ಕರಗಿ ಹರಿಯಿತು. ಕೋಣೆ ತುಂಬ ವಾಸನೆ ಎದ್ದಿತು.

ಯೋಗಾನಂದ ಅತ್ತ ತಿರುಗಿಕೊಂಡಿದ್ದ, ಚಮಚ ನೋಡಿರಲಿಲ್ಲ. ವಾಸನೆ ಮಾತ್ರ ಅವನಿಗೆ ತಾಗಿತು.

“ಅರಗು,” ಅಂದ. ಅಂದಮೇಲೆ ಯಾಕೆ ಅಂದೆ ಎನ್ನುವ ಹಾಗೆ ನಿಂತ.

“ಹೌದು, ಅರಗು. ನಿಮ್ಮನೆ ವಾಸನೆ,” ಅಂದೆ. “ವಾಸಿಂ ಎಳೆಯೋದು ಸೈಲೆನ್ಸರ್ ಬಣ್ಣ. ನಿಮ್ಮನೇಲಿ ಕೆಂಪು ಅಂದ್ರೆ ಬೊಂಬೆಗೆ ಹಚ್ಚೋ ಅರಗಿನ ಕಡ್ಡಿ. ಕೈಗೆ ಸಿಕ್ಕಿದ್ದು ಅದು, ಹಚ್ಚಿದ್ದೂ ಅದೇ. ಟೀ ಒಲೆಗೇ ಕರಗೋ ಬಣ್ಣ ಟರ್ಬೊ ಮೇಲೆ ಹೇಗೆ ಉಳೀತು ಯೋಗಾನಂದ್?”

ಅವನು ಕೈ ಚಾಚಿ ಒಲೆ ಆರಿಸಿದ.

“ಸುಮ್ಮನೆ ಹಚ್ಚಿದ್ರೂ ಆಗಿತ್ತು. ತಾಳೆಗರಿ ತಗೊಂಡು ಉಜ್ಜಿ ಹೊಳಪು ಬೇರೆ ಕೊಟ್ಟಿದೀರಿ, ಅಂಗಡೀಲಿ ಮಾರೋ ಬೊಂಬೆ ಥರ.”

“ಕೈ ಕೇಳ್ನಿಲ್ಲ ಮೇಡಂ,” ಎಂದ ಮೆಲ್ಲಗೆ. “ಅರಗು ಹಚ್ಚಿದ್ಮೇಲೆ ಉಜ್ದೆ ಇದ್ರೆ ನಮ್ಮವ್ವ ಬೆನ್ನಿಗೆ ಗುದ್ದೋಳು. ಚಿಕ್ಕಂದಿನಿಂದ ಹಂಗೇ ಬಂದ್ಬುಟ್ಟೈತೆ.”

ನನಗೆ ನಗು ಬರುವಂತಿತ್ತು, ಬರಲಿಲ್ಲ. ಅವನು ಗೋಡೆ ಹಿಡಿದು ಬೆಂಚಿನ ಮೇಲೆ ಕೂತ.

“ಯಾಕೆ?” ಅಂದೆ.

“ಬಸ್ಸ ವಾಪಸ್ ಕಳಿಸ್ನಿಲ್ಲ, ಅದಕ್ಕೆ.”

“ಎಲ್ಲಿಗೆ?”

“ವಾಸಿಂ ತಾವಕ್ಕೆ. ಟರ್ಬೊ ಹಾಕಿ ಕೊಟ್ಟ ದಿನ ಹೇಳಿದ್ದ. ಒಂದು ಟ್ರಿಪ್ ಓಡ್ಲಿ, ಕಾದು ಆರಿದ್ಮೇಲೆ ತಂದು ತೋರ್ಸಣ್ಣ, ಇನ್ನೊಂದ್ಸಲ ಬಿಗಿ ನೋಡ್ತೀನಿ ಅಂತ. ಮೊದಲ್ನೇ ಕಾವಿಗೆ ಒಸಿ ಸಡ್ಲ ಆಗೋದುಂಟಂತೆ. ಅಷ್ಟ್ರಲ್ಲಿ ಕನಕಪುರದ ಮದ್ವೆ ಟ್ರಿಪ್ ಬಂತು. ನಾಳೆ ಕಳಿಸುವ ಅಂದ್ಬುಟ್ಟೆ.”

“ಮರಿಯಪ್ಪ ಏನಂದ?”

“ಲೇ ಯೋಗ, ಹೋಗ್ತಾ ರಾಮನಗರದಲ್ಲಿ ತೋರ್ಸ್ಕಂಡು ಹೋಯ್ತೀನಿ ಕಣ್ಲಾ ಅಂದ. ನಾನೇ ಬ್ಯಾಡ ಅಂದೆ. ಹೊತ್ತಾಯ್ತದೆ, ಮದ್ವೆ ಜನ ಬಾಯಿಗ್ ಬಂದಂಗೆ ಬಯ್ತಾರೆ ಅಂದೆ. ಮರಿಯಪ್ಪಣ್ಣ ಹೂಂ ಅಂದ. ಗಾಡಿ ತಕ್ಕಂಡು ಹೊಂಟ.”

ಬಾಗಿಲಲ್ಲಿ ನಯನಾ ನಿಂತ ಕಾಲು ಬದಲಿಸಿದಳು. ನಾನು ಟೀ ಲೋಟ ಕೆಳಗಿಟ್ಟೆ.

“ಬೆಂಕಿ ವಿಷಯ ತಿಳಿದು ಓಡ್ದೆ,” ಎಂದ ಅವನು. “ಫೈರ್ ಎಂಜಿನ್‌ನೋರು ನೀರು ಹಾಕಿ ಹೊಂಟಿದ್ರು. ಪೊಲೀಸ್ನೋರು ರಸ್ತೇಲಿ ಜನ ಸರಿಸ್ತಿದ್ರು. ನಾನು ಆಚೆ ಮಗ್ಗುಲಿಂದ ಹತ್ತಿ ಮೊಬೈಲ್ ಬೆಳಕು ಬುಟ್ಟು ನೋಡ್ದೆ. ಮೂರು ನಟ್ಟು ಇರ್ನಿಲ್ಲ. ಅಣ್ಣನ್ನ ನಾನೇ ಸುಟ್ಟೆ ಅಂದ್ಕಂಡೆ.”

“ಅದಕ್ಕೆ ವಾಸಿಂ ತಲೆಗೆ ಕಟ್ಟಿದ್ರಿ.”

“ನಟ್ಟು ಸಿಕ್ದಿದ್ರೆ ಎಲ್ರೂ ಕೇಳೋರು, ಗಾಡಿ ಯಾಕೆ ವಾಪಸ್ ತೋರಿಸ್ನಿಲ್ಲ, ಬ್ಯಾಡ ಅಂದೋರ್ ಯಾರು ಅಂತ. ಅವ್ನ ಕೆಂಪು ಗೆರೆ ಇರೋ ನಟ್ಟೇ ಸಿಕ್ರೆ ಮಾತು ವಾಸಿಂ ಕಡಿಕ್ ಹೋಯ್ತದೆ. ಶೆಡ್ಡಲ್ಲಿದ್ದ ನಟ್ಟಿಗೆ ಕೆಂಪು ಹಚ್ಚಿ ಬೇಲಿ ಬುಡಕ್ಕೆ ಹಾಕ್ದೆ. ಜೈಲಿಗೆ ಹೋಯ್ತಾನೆ ಅಂತ ಅನ್ಕಂಡಿರ್ನಿಲ್ಲ.”

“ಹೋದಮೇಲಾದ್ರೂ ಬಂದು ಹೇಳಬಹುದಿತ್ತು.”

“ದಿನಾ ಬೆಳಿಗ್ಗೆ ಹೇಳುವ ಅಂತ ಏಳ್ತೀನಿ.”

ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು. ಎರಡೂ ಒಟ್ಟಿಗೆ ಬಂದಾಗ ನಾನು ನಿಜವನ್ನು ನೇರವಾಗಿ ಹೇಳಿಬಿಡುತ್ತೇನೆ.

“ಕೇಳಿಲ್ಲಿ ಯೋಗ. ಆ ನಟ್ಟುಗಳು ಸಡಿಲ ಆಗಿರಲಿಲ್ಲ. ಬಸ್ಸು ಏರು ಹತ್ತುವಾಗಲೂ ಇದ್ದವು, ಉರಿಯುವಾಗಲೂ ಇದ್ದವು, ಬೆಂಕಿ ಆರಿದ ಮೇಲೂ ಇದ್ದವು. ಗುರುತು ಹಾಗೇ ಇದೆ, ಈಗ ನೋಡಿಕೊಂಡು ಬಂದಿದೀನಿ. ವಾಸಿಂ ಕಿವಿ ಮಡಚಿದ್ದು ಮಡಚಿದ ಹಾಗೇ ಇತ್ತು. ನೀನು ವಾಪಸ್ ಕಳಿಸಬೇಕಿತ್ತು, ಅದು ತಪ್ಪೇ. ಆದ್ರೆ ಮರಿಯಪ್ಪ ಹೋಗಿದ್ದು ಆ ತಪ್ಪಿನಿಂದ ಅಲ್ಲ. ಬೆಂಕಿ ಬೇರೆ ಎಲ್ಲಿಂದಲೋ ಹತ್ತಿದೆ, ಅದನ್ನ ಇನ್ನೂ ಹುಡುಕಬೇಕು.”

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ನನ್ನ ಮುಖ ನೋಡಿದ, ನಯನಾಳ ಮುಖ ನೋಡಿದ.

“ನನ್ನಿಂದ ಅಲ್ವಾ?”

“ಅಲ್ಲ.”

ಅವನು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಗಂಡಸರು ಅಳುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಹೆಚ್ಚಿನವರು ಅಳುವುದು ಸಿಕ್ಕಿಬಿದ್ದಿದ್ದಕ್ಕೆ. ಇವನು ಬಿಡುಗಡೆಯಾಗಿದ್ದಕ್ಕೆ ಅತ್ತ. ಆದರೆ ಆ ಬಿಡುಗಡೆಯ ಬೆಲೆಯನ್ನು ಇಷ್ಟು ದಿನ ವಾಸಿಂ ಕೊಟ್ಟಿದ್ದ ಎನ್ನುವುದನ್ನು ನಾನು ಮರೆಯಲಿಲ್ಲ. ಅವನೂ ಮರೆಯದಿರಲಿ ಎಂದು ನಯನಾಳಿಗೆ ಸನ್ನೆ ಮಾಡಿದೆ.

“ಹೇಳಿದ್ದನ್ನೆಲ್ಲ ಠಾಣೆಯಲ್ಲಿ ಹೇಳಬೇಕಾಗುತ್ತೆ,” ಎಂದಳು ನಯನಾ. “ಈಗಲೇ.”

“ಹೇಳ್ತೀನಿ ಮೇಡಂ. ವಾಸಿಂ ಮುಂದೇನೂ ಹೇಳ್ತೀನಿ.” ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಎದ್ದ.

“ಒಂದು ಉಳೀತು,” ಅಂದೆ. “ಆ ಮೂರು ನಟ್ಟು ತೆಗೆದವರು ಯಾರು? ನೀನಲ್ಲ ತಾನೇ?”

“ನಾನಲ್ಲ ಮೇಡಂ, ಅವ್ವನಾಣೆ. ನಾನು ಹೋಗೋ ಹೊತ್ಗೆ ಇರ್ನಿಲ್ಲ. ಯಾರೋ ನಂಗಿಂತ ಮುಂಚೆ ಹತ್ತವ್ರೆ.”

“ಯಾರನ್ನಾದ್ರೂ ನೋಡಿದ್ಯಾ?”

“ಹೊಗೆ ಮೇಡಂ, ಏನ್ ಕಾಣ್ತೈತೆ.” ಅವನು ಸ್ವಲ್ಪ ಯೋಚಿಸಿದ. “ಆದ್ರೆ ಒಂದು ಹೇಳ್ತೀನಿ. ನಾನು ಹತ್ತಿದಾಗ್ಲೇ ಎಂಜಿನ್ ಮುಟ್ಟಂಗಿರ್ನಿಲ್ಲ. ಅರ್ಧ ಮೊಳ ದೂರಕ್ಕೇ ಕಾವು ಹೊಡೀತಿತ್ತು. ನನಗಿಂತ ಮುಂಚೆ ತಗ್ದವ್ನೆ ಅಂದ್ರೆ, ಸ್ಪ್ಯಾನರಲ್ಲಿ ತಿರುಗಿಸಿದ್ರೂ ಕಡೇಗೆ ನಟ್ಟು ಕೈಗೆ ತಕ್ಕಬೇಕಲ್ವಾ. ಕೈ ಸುಟ್ಕಳ್ದೆ ಇರಾಕಿಲ್ಲ.”

ನಾನು ಕುರ್ಚಿಯಿಂದ ಅರ್ಧ ಎದ್ದವಳು ಹಾಗೇ ಕೂತೆ.

ಗೋಡೆಗೆ ಒರಗಿ ಕೂತ ಒಬ್ಬನ ನೆನಪು ಬಂತು. ಎಡಗೈಯಲ್ಲಿ ಟೀ ಲೋಟ, ಬಲಗೈಗೆ ಬಟ್ಟೆ. ಬೇಡ ಎಂದುಕೊಂಡೆ. ಮೆಕ್ಯಾನಿಕ್ ಕೈ ಸುಡದ ದಿನ ಯಾವುದಿದೆ. ಆ ನಟ್ಟುಗಳು ಜಾಗದಲ್ಲಿದ್ದರೆ ಉಳಿಯುತ್ತಿದ್ದವನು ಅವನೊಬ್ಬನೇ. ತನ್ನನ್ನು ಉಳಿಸುವ ಸಾಕ್ಷಿಯನ್ನು ತಾನೇ ಯಾರಾದರೂ ಕಿತ್ತುಕೊಂಡು ಹೋಗುತ್ತಾರೆಯೇ?

ನನ್ನ ಫೋನು ಅದುರಿತು. ವಾಸಿಂನ ತಂದೆ ಸಾಬೀರ್. ಜೈಲಿನಲ್ಲಿ ಮಗನನ್ನು ನೋಡಿ ಬಂದ ದಿನವೆಲ್ಲ ಫೋನು ಮಾಡುತ್ತಾರೆ. ಕೇಳುವುದು ಒಂದೇ ಪ್ರಶ್ನೆ, ಅದನ್ನೂ ಹತ್ತು ಮಾತಿನ ಸುತ್ತು ಹಾಕಿ ಕೇಳುತ್ತಾರೆ. ಎದ್ದು ಶೆಡ್ಡಿನ ಅಂಗಳಕ್ಕೆ ಬಂದೆ.

“ಮೇಡಂ, ಸಾಬೀರ್ ಮಾತಾಡ್ತಿರೋದು. ತೊಂದ್ರೆ ಕೊಟ್ಟೆ, ಮಾಫ್ ಮಾಡಿ. ನಾಳೆ ಬೇಟಾ ಮನೆಗೆ ಬತ್ತಾನಾ ಅಂತ ಅವರಮ್ಮ ಕೇಳ್ತಾವ್ಳೆ.”

ಬರುತ್ತಾನೆ ಎನ್ನಲು ಬಾಯಿ ತೆರೆದೆ. ಮೂರು ನಿಮಿಷದ ಹಿಂದಾಗಿದ್ದರೆ ಖಂಡಿತ ಹಾಗೇ ಹೇಳಿರುತ್ತಿದ್ದೆ.

“ಸಾಬೀರ್ ಸಾಹೇಬ್ರೆ, ವಾಸಿಂ ಕೈ ಹೇಗಿದೆ?”

“ಕೈಯಾ?” ಇದು ಅವರು ಎದುರು ನೋಡದ ಪ್ರಶ್ನೆ. ಮಗನ ನೋವನ್ನು ಒಬ್ಬರು ವಿಚಾರಿಸಿದರಲ್ಲ ಎಂದು ದನಿ ಮೆತ್ತಗಾಯಿತು. “ನಿಮ್ಗೆ ಅದೂ ಗ್ಯಾನ ಐತಲ್ಲ ಮೇಡಂ. ವಾಸಿ ಆಗೈತೆ. ಇವತ್ತು ಪಟ್ಟಿ ಬಿಚ್ಚವ್ರೆ. ಗಾಯ ಆರೋಗೈತೆ, ಆದ್ರೆ ಗುರ್ತು ಉಳ್ಕಂಡೈತೆ.”

“ಎಂಥ ಗುರುತು?”

“ಸೈಲೆನ್ಸರ್ ತಗುಲ್ತು ಅಂತಾನೆ. ನಾನೂ ಗ್ಯಾರೇಜಲ್ಲೇ ಮುದುಕ ಆದೋನು ಮೇಡಂ, ಸೈಲೆನ್ಸರ್ ಬರೆ ಹಂಗಿರಾಕಿಲ್ಲ. ಅಂಗೈ ಮಧ್ಯದಲ್ಲಿ ಅಚ್ಚು ಒತ್ತಿದಂಗೈತೆ.” ಅವರು ಸರಿಯಾದ ಮಾತು ಹುಡುಕಿದರು. “ಆರು ಮೂಲೆ.”

ಅಂಗಳದ ಬಿಸಿಲು ಕಣ್ಣಿಗೆ ಚುಚ್ಚಿತು. ಬಾಗಿಲಲ್ಲಿ ನಯನಾ ಯೋಗಾನಂದನನ್ನು ಮುಂದೆ ಬಿಟ್ಟುಕೊಂಡು ಬರುತ್ತಿದ್ದಳು. ವಾಸಿಂ ಬಿಗಿ ಮಾಡಿದ್ದ ಎಂದು ಬರೆಯಬೇಕಿದ್ದ ವರದಿ ನನ್ನ ಚೀಲದಲ್ಲಿತ್ತು. ಅವನೇ ಬಿಚ್ಚಿದ ಎಂದೂ ಅದರಲ್ಲೇ ಬರೆಯಬೇಕಿತ್ತು. ತನ್ನ ಕೆಂಪು ಗೆರೆ ಸಿಕ್ಕರೆ ತಪ್ಪು ತನ್ನ ಮೇಲೇ ಬರುತ್ತದೆ ಎಂದು ಹೆದರಿ ಕಿತ್ತನೇ, ಅದು ಅವನೊಬ್ಬನಿಗೇ ಗೊತ್ತು.

“ಮೇಡಂ,” ಎಂದರು ಸಾಬೀರ್, “ಅವರಮ್ಮಂಗೆ ಏನ್ ಹೇಳ್ಲಿ?”